ಕೆರೆಯ ಲೆಕ್ಕ ಹೇಳುವ ಹಕ್ಕಿಗಳು

ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಗೆ ಬಿಸಿಲು ಬಾಗುವ ಹೊತ್ತಿನಲ್ಲಿ ಕ್ಯಾಮೆರಾ, ದುರ್ಬೀನು ಹಿಡಿದವರು ಬರುತ್ತಾರೆ. ನಡುಹಗಲಿನ ಬಿಸಿಲಿಗೆ ಚಿತ್ರದಲ್ಲಿ ರೆಕ್ಕೆಯ ಬಣ್ಣ ಸರಿಯಾಗಿ ಮೂಡದು. ನಾಲ್ಕು ಗಂಟೆ ದಾಟಿದ ಮೇಲೆ ಸೂರ್ಯನಿಗೆ ಬೆನ್ನು ಮಾಡಿ ನಿಂತರೆ ಹೆಜ್ಜಾರ್ಲೆಯ ಕೊಕ್ಕಿನ ಚುಕ್ಕೆಗಳೂ ಕಾಣುತ್ತವೆ.

ಆದರೆ ಈ ಕೆರೆಯನ್ನು ಕಟ್ಟಿದ್ದು ಹಕ್ಕಿಗಳಿಗಾಗಿ ಅಲ್ಲ. 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಊರಾಚೆಯ ಜಮೀನುಗಳಿಗೆ ನೀರುಣಿಸಲೆಂದು ಇದು ನಿರ್ಮಾಣವಾಯಿತು. ನಮ್ಮ ನಾಡಿನ ಕೆರೆಗಳಿಗೆಲ್ಲ ಒಂದು ವ್ಯವಸ್ಥೆ ಇತ್ತು. ನೀರು ತಡೆಯಲು ಏರಿ, ಬಿಡಲು ತೂಬು, ಹೆಚ್ಚಾದದ್ದು ಹರಿಯಲು ಕೋಡಿ. ಗದ್ದೆಗಳಿಗೆ ನೀರು ಹಂಚುವವನು ನೀರಗಂಟಿ. ಹೂಳು ತುಂಬಿದರೆ ಬೆಳೆಗೇ ಸಂಚಕಾರ. ಆದ್ದರಿಂದ ಅಚ್ಚುಕಟ್ಟಿನ ರೈತರೇ ಕೆರೆಯ ಕಾವಲುಗಾರರಾಗಿದ್ದರು.

ನಗರ ಬೆಳೆಯಿತು. ಕುವೆಂಪು ಸಂಜೆ ವಿಹಾರಕ್ಕೆ ಬರುತ್ತಿದ್ದ ಈ ಕೆರೆಯ ಪಕ್ಕದಲ್ಲೇ 1960ರಲ್ಲಿ ಮಾನಸಗಂಗೋತ್ರಿ ತಲೆಯೆತ್ತಿತು. ಹೊಲಗದ್ದೆಗಳಿದ್ದಲ್ಲಿ ಬಡಾವಣೆಗಳು ಬಂದವು. ಮಳೆನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಒತ್ತುವರಿಗೆ ಸಿಕ್ಕಿತು. ಕೆರೆಗೆ ಚರಂಡಿ ನೀರು ಸೇರತೊಡಗಿತು. ಬೆಳೆಯ ಹಂಗು ತಪ್ಪಿದ ಕೆರೆಗೆ ಕಾವಲೂ ತಪ್ಪಿತು.

ಆ ತೆರವಾದ ಜಾಗಕ್ಕೆ ಬಂದವರು ಹಕ್ಕಿ ನೋಡುವವರು. ಅವರ ವಿಧಾನಕ್ಕೂ ಒಂದು ಚರಿತ್ರೆಯಿದೆ. 1939–40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದಾಗ ಹಕ್ಕಿಯನ್ನು ಖಚಿತವಾಗಿ ಗುರುತಿಸಲು ಬಂದೂಕೇ ಸಾಧನ. ಹೊಡೆದ ಹಕ್ಕಿಯ ಚರ್ಮವೇ ಪುರಾವೆ. ಅದೇ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮುಂದೆ ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂತು. ರೀಲಿಗೆ 36 ಚಿತ್ರಗಳಷ್ಟೇ ಸಿಗುತ್ತಿದ್ದ ಕಾಲ ಹೋಗಿ, ಈಗ ದಿನಾಂಕ, ವೇಳೆ ಸಮೇತ ಸಾವಿರಾರು ಚಿತ್ರಗಳು ಉಳಿಯುತ್ತವೆ.

ಈ ಚಿತ್ರಗಳನ್ನು ಓದಲು ಬಂದರೆ ಕೆರೆಯ ಸ್ಥಿತಿಯೂ ತಿಳಿಯುತ್ತದೆ. ಹೆಜ್ಜಾರ್ಲೆ, ನೀರುಕಾಗೆಗಳಿಗೆ ಮೀನಿರುವ ತೆರೆದ ನೀರು ಬೇಕು. ಬಣ್ಣದ ಕೊಕ್ಕರೆ ಕಾಲಿಗೆ ನೆಲ ಸಿಗುವಷ್ಟೇ ಆಳದಲ್ಲಿ ಮೇಯುತ್ತದೆ. ಚಳಿಗಾಲದಲ್ಲಿ ವಲಸೆ ಬರುವ ಗೊರವಗಳಿಗೆ ದಂಡೆಯ ಕೆಸರೇ ಅನ್ನದ ತಟ್ಟೆ. ಚರಂಡಿ ನೀರಿನ ಸತ್ವಕ್ಕೆ ಪಾಚಿ ಹಬ್ಬಿದರೆ ರಾತ್ರಿ ನೀರಿನಲ್ಲಿ ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ. ಮೀನುಣ್ಣುವ ಹಕ್ಕಿ ಬೇರೆ ಕೆರೆಯ ದಾರಿ ಹಿಡಿಯುತ್ತದೆ. ಒಂದೇ ದಂಡೆಯಲ್ಲಿ ವರ್ಷಗಳುದ್ದಕ್ಕೂ ತೆಗೆದ ಚಿತ್ರಗಳನ್ನು ಜೋಡಿಸಿದರೆ ಈ ಏರಿಳಿತ ಕಣ್ಣಿಗೆ ಕಾಣುತ್ತದೆ. 1987ರಲ್ಲಿ ಆರಂಭವಾದ ಏಷ್ಯಾದ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುವುದೂ ಹವ್ಯಾಸಿಗಳ ಇಂಥ ದುಡಿಮೆಯಿಂದಲೇ.

ಇದಕ್ಕೂ ಒಂದು ಮಿತಿಯಿದೆ. ಒಳ್ಳೆಯ ಚಿತ್ರದ ಆಸೆಗೆ ಗೂಡಿನ ಬಳಿ ಹೋದರೆ ತಾಯಿಹಕ್ಕಿ ಎದ್ದುಹೋಗಿ, ಮೊಟ್ಟೆ ಮರಿಗಳು ಬಿಸಿಲಿಗೋ ಕಾಗೆಗೋ ಬಲಿಯಾಗುತ್ತವೆ. ದೂರ ಕಾಯ್ದುಕೊಳ್ಳುವುದೇ ಈ ಹವ್ಯಾಸದ ಮೊದಲ ಪಾಠ.

ನೀರಗಂಟಿಯ ಕೈಯಲ್ಲಿ ತೂಬಿತ್ತು. ಕ್ಯಾಮೆರಾ ಹಿಡಿದವರ ಕೈಯಲ್ಲಿರುವುದು ಪುರಾವೆ ಮಾತ್ರ. ಚಿತ್ರದಿಂದ ನಾಲೆ ತೆರವಾಗದು, ಚರಂಡಿ ನಿಲ್ಲದು. ಆದರೆ ಕೆರೆಯಲ್ಲಿ ಏನಿತ್ತು, ಏನು ಹೋಯಿತು ಎಂದು ನಾಳೆ ಯಾರಾದರೂ ಕೇಳಿದರೆ, ಉತ್ತರ ಆ ಸಂಜೆಯ ಚಿತ್ರಗಳಲ್ಲಿರುತ್ತದೆ.