‘ಶಾಶ್ವತ’ ಶಾಸನದ 87 ವರ್ಷಗಳು

ಫ್ರಾನ್ಸಿನ ಅರಸನು ರೇಮ್ಸ್ ನಗರದ ಮಹಾಚರ್ಚಿನಲ್ಲಿ ಪಟ್ಟಕ್ಕೇರುವಾಗ ಅವನ ಮೈಗೆ ಲೇಪಿಸುತ್ತಿದ್ದ ಪವಿತ್ರ ತೈಲವು, ಹಿಂದೆ ಕ್ಲೋವಿಸ್ ದೊರೆಯ ದೀಕ್ಷಾಸ್ನಾನಕ್ಕೆಂದು ಸ್ವರ್ಗದಿಂದಲೇ ಇಳಿದು ಬಂದದ್ದೆಂಬ ನಂಬಿಕೆ ಜನರಲ್ಲಿ ಬೇರೂರಿತ್ತು. ಹಾಗೆ ಅಭಿಷಿಕ್ತನಾದ ಅರಸನ ಕೈ ತಗುಲಿದರೆ ಗಂಡಮಾಲೆ, ಅಂದರೆ ಕೊರಳಿನ ಗ್ರಂಥಿಗಳು ಬಾತು ಹುಣ್ಣಾಗುವ ಕಾಯಿಲೆ, ವಾಸಿಯಾಗುತ್ತದೆಂದು ರೋಗಿಗಳು ದೂರದೂರದಿಂದ ಬರುತ್ತಿದ್ದರು. ಪಟ್ಟಾಭಿಷೇಕದ ವೇಳೆಯಲ್ಲೇ ಅರಸನು ಚರ್ಚು ಒಪ್ಪದ ಬೋಧನೆಗಳನ್ನು ತನ್ನ ನಾಡಿನಿಂದ ತೊಲಗಿಸುವೆನೆಂದು ಪ್ರಮಾಣ ಮಾಡಬೇಕಿತ್ತು. ಇದಕ್ಕೆ ಲೌಕಿಕ ಮುಖವೂ ಒಂದಿತ್ತು: 1516ರಲ್ಲಿ ಒಂದನೆಯ ಫ್ರಾನ್ಸಿಸ್ ದೊರೆ ಮತ್ತು ಹತ್ತನೆಯ ಲಿಯೋ ಪೋಪರ ನಡುವೆ ಆದ ಬೊಲೊನ್ಯ ಒಡಂಬಡಿಕೆಯು ಬಿಷಪ್ಪರನ್ನೂ ದೊಡ್ಡ ಮಠಗಳ ಅಧಿಪತಿಗಳನ್ನೂ ಹೆಸರಿಸುವ ಹಕ್ಕನ್ನು ಅರಸನಿಗೆ ಕೊಟ್ಟುದರಿಂದ, ಚರ್ಚಿನ ಸಂಪತ್ತಿನ ಬಹುಭಾಗವು ಅವನು ತನ್ನವರಿಗೆ ಹಂಚಬಹುದಾದ ವರವಾಗಿ ಪರಿಣಮಿಸಿತ್ತು. ಇಂಥ ರಾಜ್ಯದಲ್ಲಿ ಬೇರೆ ಮತವನ್ನು ಅನುಸರಿಸುವುದೆಂದರೆ ಸಿಂಹಾಸನದ ಬುಡವನ್ನೇ ಪ್ರಶ್ನಿಸಿದಂತೆ.

ಆದರೂ ಹದಿನಾರನೆಯ ಶತಮಾನದ ನಡುಗಾಲದಲ್ಲಿ ಆ ಪ್ರಶ್ನೆ ಎದ್ದಿತು. ಫ್ರಾನ್ಸಿನಲ್ಲೇ ಹುಟ್ಟಿ, ಜಿನೀವಾದಲ್ಲಿ ನೆಲೆಸಿದ ಜಾನ್ ಕ್ಯಾಲ್ವಿನನ ಬೋಧನೆಯು ಪಟ್ಟಣಗಳ ಕಸುಬುದಾರರಲ್ಲಿ, ವಕೀಲರಲ್ಲಿ, ದಕ್ಷಿಣ ಮತ್ತು ಪಶ್ಚಿಮ ಪ್ರಾಂತಗಳ ಶ್ರೀಮಂತ ಮನೆತನಗಳಲ್ಲಿ ಹರಡಿತು. ಹ್ಯೂಗೆನಾಟರೆಂದು ಹೆಸರಾದ ಈ ಪ್ರಾಟೆಸ್ಟಂಟರು 1559ರಲ್ಲಿ ಪ್ಯಾರಿಸಿನಲ್ಲಿ ಗುಟ್ಟಾಗಿ ತಮ್ಮ ಮೊದಲ ರಾಷ್ಟ್ರೀಯ ಸಭೆಯನ್ನು ನಡೆಸಿದರು. ಅದೇ ವರ್ಷ ಎರಡನೆಯ ಹೆನ್ರಿಯು ಕಾಳಗದ ಕ್ರೀಡೆಯೊಂದರಲ್ಲಿ ಗಾಯಗೊಂಡು ಮಡಿದು, ಎಳೆಯ ಮಕ್ಕಳ ಕೈಗೆ ರಾಜ್ಯ ಬಂದಾಗ, ಮತಭೇದವು ಸರದಾರರ ಅಧಿಕಾರದ ಪೈಪೋಟಿಯೊಡನೆ ಹೆಣೆದುಕೊಂಡಿತು. 1562ರ ಮಾರ್ಚಿನಲ್ಲಿ ವಾಸ್ಸಿ ಎಂಬ ಊರಿನಲ್ಲಿ ಪ್ರಾರ್ಥನೆಗೆ ಸೇರಿದ್ದವರನ್ನು ಗೀಸ್ ಮನೆತನದ ಡ್ಯೂಕನ ಕಡೆಯವರು ಕೊಂದದ್ದರಿಂದ ಹೊತ್ತಿದ ಬೆಂಕಿ ಎಂಟು ಅಂತರ್ಯುದ್ಧಗಳಾಗಿ 1598ರವರೆಗೂ ಉರಿಯಿತು. 1572ರ ಆಗಸ್ಟ್ 24ರಂದು, ಸಂತ ಬಾರ್ತಲೋಮಿಯನ ಹಬ್ಬದ ದಿನ, ಪ್ಯಾರಿಸಿನಲ್ಲಿ ಆರಂಭವಾಗಿ ಇತರ ನಗರಗಳಿಗೂ ಹಬ್ಬಿದ ಹತ್ಯಾಕಾಂಡಕ್ಕೆ ಸಾವಿರಾರು ಪ್ರಾಟೆಸ್ಟಂಟರು ಬಲಿಯಾದರು.

ಆ ಹತ್ಯಾಕಾಂಡಕ್ಕೆ ಆರು ದಿನ ಮೊದಲು ಅರಸನ ತಂಗಿಯನ್ನು ಮದುವೆಯಾಗಿದ್ದ ನವಾರದ ಹೆನ್ರಿಯು ಪ್ರಾಟೆಸ್ಟಂಟರ ನಾಯಕನಾಗಿದ್ದನು. 1589ರಲ್ಲಿ ಮೂರನೆಯ ಹೆನ್ರಿಯನ್ನು ಸನ್ಯಾಸಿಯೊಬ್ಬನು ಇರಿದು ಕೊಂದಾಗ ರಕ್ತಸಂಬಂಧದ ನಿಯಮದಂತೆ ಪಟ್ಟವು ಇವನಿಗೇ ಸಲ್ಲಬೇಕಾಗಿತ್ತು. ಆದರೆ ಕ್ಯಾಥೊಲಿಕ್ ಕೂಟವೆಂಬ ಬಲಿಷ್ಠ ಪಕ್ಷವು ಪರಮತದವನೊಬ್ಬನು ಅಭಿಷಿಕ್ತ ಅರಸನಾಗುವುದನ್ನು ಒಪ್ಪಲಿಲ್ಲ. ನಾಲ್ಕು ವರ್ಷ ಕಾದಾಡಿದ ಹೆನ್ರಿಯು 1593ರ ಜುಲೈ 25ರಂದು ಸೇಂಟ್ ಡೆನಿಸ್ ಚರ್ಚಿನಲ್ಲಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿ, ರೇಮ್ಸ್ ಇನ್ನೂ ವಿರೋಧಿಗಳ ವಶದಲ್ಲಿದ್ದ ಕಾರಣ 1594ರ ಫೆಬ್ರವರಿಯಲ್ಲಿ ಶಾರ್ತ್ರ್ ನಗರದಲ್ಲಿ ಪಟ್ಟಾಭಿಷಿಕ್ತನಾಗಿ, ಮುಂದಿನ ತಿಂಗಳು ಪ್ಯಾರಿಸನ್ನು ಪ್ರವೇಶಿಸಿದನು. ಅರಸನೇ ತನ್ನ ಪ್ರಜೆಗಳ ಬಹುಸಂಖ್ಯಾತ ಮತಕ್ಕೆ ಬರಬೇಕಾಯಿತೆಂಬುದು, ಆ ಕಾಲದಲ್ಲಿ ಧರ್ಮವು ರಾಜತ್ವದ ಮೇಲೆ ಎಷ್ಟು ಬಿಗಿಯಾದ ಹಿಡಿತವಿಟ್ಟಿತ್ತೆಂಬುದಕ್ಕೆ ಸಾಕ್ಷಿ.

ಹಳೆಯ ಸಂಗಾತಿಗಳನ್ನು ಕೈಬಿಡದೆ, ಹೊಸ ಮಿತ್ರರನ್ನು ಕಳೆದುಕೊಳ್ಳದೆ ನಾಡನ್ನು ಕಟ್ಟಬೇಕಾದ ಒತ್ತಡದಿಂದ ಹುಟ್ಟಿದ್ದು 1598ರ ಏಪ್ರಿಲಿನ ನಾಂತ್ ಶಾಸನ. ಅದರ 92 ಸಾಮಾನ್ಯ ವಿಧಿಗಳೂ 56 ವಿಶೇಷ ವಿಧಿಗಳೂ ಸೇರಿ ಒಂದು ನಾಜೂಕಾದ ತಕ್ಕಡಿಯನ್ನು ತೂಗಿದವು. ಪ್ರಾಟೆಸ್ಟಂಟರು ನಾಡಿನ ಯಾವ ಮೂಲೆಯಲ್ಲಾದರೂ ತಮ್ಮ ನಂಬಿಕೆಯಂತೆ ಬಾಳಬಹುದಿತ್ತು, ಆದರೆ ಬಹಿರಂಗ ಆರಾಧನೆಗೆ ನಿಗದಿಯಾದ ಊರುಗಳಲ್ಲಿ ಮಾತ್ರ ಅವಕಾಶವಿತ್ತು. ಸರ್ಕಾರಿ ಹುದ್ದೆಗಳು ಅವರಿಗೂ ತೆರೆದಿದ್ದವು, ಆದರೆ ಕ್ಯಾಥೊಲಿಕ್ ಚರ್ಚಿಗೆ ಬೆಳೆಯ ದಶಾಂಶವನ್ನು ಅವರೂ ತೆರಬೇಕಿತ್ತು, ಅದರ ಹಬ್ಬದ ದಿನಗಳಂದು ಅಂಗಡಿ ಮುಚ್ಚಬೇಕಿತ್ತು. ಅವರ ವ್ಯಾಜ್ಯಗಳಿಗಾಗಿ ಎರಡೂ ಮತಗಳ ನ್ಯಾಯಾಧೀಶರಿರುವ ಪೀಠಗಳು ಏರ್ಪಟ್ಟವು. ಕೋಟೆಯುಳ್ಳ ಕೆಲವು ಪಟ್ಟಣಗಳನ್ನು ಎಂಟು ವರ್ಷಗಳ ಕಾಲ ಅವರ ಕಾವಲಿಗೆ ಬಿಟ್ಟುಕೊಡುವ ಭರವಸೆಯು ಶಾಸನದ ಮುಖ್ಯ ಪಾಠದಲ್ಲಿ ಇರದೆ, ಅರಸನ ಪ್ರತ್ಯೇಕ ಪತ್ರದಲ್ಲಿ ಇತ್ತು. ಶಾಸನವು ಅವರ ಮತವನ್ನು ‘ಸುಧಾರಿತವೆಂದು ಹೇಳಿಕೊಳ್ಳುವ ಮತ’ ಎಂದೇ ಕರೆಯಿತು. ಎರಡು ಮತಗಳು ಸಮಾನವೆಂದು ಅದು ಎಲ್ಲಿಯೂ ಹೇಳಲಿಲ್ಲ.

ಅರಸನ ಶಾಸನವು ಜಾರಿಗೆ ಬರಬೇಕಾದರೆ ಪಾರ್ಲೆಮಾಂ ಅದನ್ನು ತನ್ನ ದಫ್ತರದಲ್ಲಿ ದಾಖಲಿಸಬೇಕಿತ್ತು. ಹೆಸರು ಪಾರ್ಲಿಮೆಂಟನ್ನು ನೆನಪಿಸಿದರೂ ಇದು ಜನಪ್ರತಿನಿಧಿಗಳ ಸಭೆಯಲ್ಲ, ಉಚ್ಚ ನ್ಯಾಯಾಲಯ. ಪ್ಯಾರಿಸಿನ ಪಾರ್ಲೆಮಾಂ ಹಿಂದೇಟು ಹಾಕಿದಾಗ ಹೆನ್ರಿಯು 1599ರ ಆರಂಭದಲ್ಲಿ ನ್ಯಾಯಾಧೀಶರನ್ನು ಕರೆಸಿ, ರಾಜವಸ್ತ್ರವಿಲ್ಲದೆ ಮನೆಯ ಯಜಮಾನನಂತೆ ಬಂದಿರುವೆನೆಂದು ಮೃದುವಾಗಿ ಮಾತು ತೆಗೆದು, ಕೊನೆಗೆ ತಾನು ಅರಸನೆಂಬುದನ್ನೂ ತನ್ನ ಮಾತು ನಡೆಯಲೇಬೇಕೆಂಬುದನ್ನೂ ಕಟುವಾಗಿ ತಿಳಿಸಿದನು. ದಾಖಲೆಯಾಯಿತು, ರೂಆಂ ನಗರದ ಪಾರ್ಲೆಮಾಂ ಮಾತ್ರ ಪೂರ್ಣ ದಾಖಲೆಯನ್ನು 1609ರವರೆಗೂ ತಡೆಹಿಡಿಯಿತು. ಈ ಘಟನೆಯಲ್ಲೇ ಶಾಸನದ ಬಲವೂ ಬಲಹೀನತೆಯೂ ಅಡಗಿದ್ದವು. ಅಲ್ಪಸಂಖ್ಯಾತರನ್ನು ಕಾಪಾಡಿದ್ದು ಸಮಾಜದ ಒಪ್ಪಿಗೆಯೂ ಅಲ್ಲ, ನ್ಯಾಯಾಲಯದ ನಿಲುವೂ ಅಲ್ಲ. ಎಲ್ಲರ ವಿರೋಧವನ್ನು ಮೀರಬಲ್ಲ ಅರಸನ ಸಂಕಲ್ಪ. ಆ ಸಂಕಲ್ಪವೇ ದಿಕ್ಕು ಬದಲಿಸಿದರೆ ತಡೆಯಬಲ್ಲವರು ಯಾರೂ ಇರಲಿಲ್ಲ.

1610ರ ಮೇ 14ರಂದು ಹೆನ್ರಿಯ ಕೊಲೆಯಾದ ಮೇಲೆ ಆ ಆಸರೆ ಹಂತಹಂತವಾಗಿ ಸಡಿಲವಾಯಿತು. ರಾಜ್ಯದೊಳಗೆ ಇನ್ನೊಂದು ಸಶಸ್ತ್ರ ರಾಜ್ಯವಿರುವುದನ್ನು ಸಹಿಸದ ಮಂತ್ರಿ ರಿಶ್ಲ್ಯೂ, ಹ್ಯೂಗೆನಾಟರ ಬಲದ ಕೇಂದ್ರವಾಗಿದ್ದ ಲಾ ರೋಶೆಲ್ ಬಂದರಿಗೆ 1627ರಲ್ಲಿ ಮುತ್ತಿಗೆ ಹಾಕಿಸಿ, ಸಮುದ್ರಕ್ಕೆ ಅಡ್ಡಲಾಗಿ ಒಡ್ಡು ಕಟ್ಟಿಸಿ, ಮರುವರ್ಷ ಅದನ್ನು ಹಸಿವಿನಿಂದಲೇ ಮಣಿಸಿದನು. 1629ರ ಆಲೆಸ್ ಒಪ್ಪಂದವು ಆರಾಧನೆಯ ಹಕ್ಕನ್ನು ಉಳಿಸಿ ಕೋಟೆಗಳನ್ನೂ ಸೇನೆಯನ್ನೂ ಕಸಿದುಕೊಂಡಿತು. ಅಂದಿನಿಂದ ಪ್ರಾಟೆಸ್ಟಂಟರಿಗೆ ಉಳಿದದ್ದು ಅರಸನ ಮಾತೊಂದೇ.

1661ರಲ್ಲಿ ಆಳ್ವಿಕೆಯನ್ನು ಸ್ವತಃ ಕೈಗೆತ್ತಿಕೊಂಡ ಹದಿನಾಲ್ಕನೆಯ ಲೂಯಿ ಶಾಸನವನ್ನು ಒಮ್ಮೆಲೇ ಮುರಿಯಲಿಲ್ಲ. ಅದರ ಅಕ್ಷರಗಳನ್ನೇ ಅದರ ವಿರುದ್ಧ ತಿರುಗಿಸಿದನು. ಶಾಸನವು ಸ್ಪಷ್ಟವಾಗಿ ಅನುಮತಿಸದ್ದೆಲ್ಲವೂ ನಿಷಿದ್ಧವೆಂಬ ವ್ಯಾಖ್ಯಾನದಡಿ ನೂರಾರು ಪ್ರಾರ್ಥನಾಮಂದಿರಗಳು ನೆಲಸಮವಾದವು, ಹುದ್ದೆಗಳೂ ಕಸುಬುಗಳೂ ಒಂದೊಂದಾಗಿ ಮುಚ್ಚಿಕೊಂಡವು. 1676ರಿಂದ ಮತಾಂತರಗೊಂಡವರಿಗೆ ಹಣ ಕೊಡುವ ನಿಧಿಯೊಂದು ನಡೆಯಿತು. 1681ರಲ್ಲಿ ಪ್ವಾತು ಪ್ರಾಂತದಲ್ಲಿ ಡ್ರಗೂನ್ ಎಂಬ ಕುದುರೆ ಸಿಪಾಯಿಗಳನ್ನು ಪ್ರಾಟೆಸ್ಟಂಟರ ಮನೆಗಳಲ್ಲಿ ಬಿಡಾರ ಹೂಡಿಸಿ, ಮನೆಯವರು ಮತ ಬಿಡುವವರೆಗೆ ಲೂಟಿ ಮತ್ತು ಹಿಂಸೆಗೆ ಗುರಿಪಡಿಸುವ ಪದ್ಧತಿ ಶುರುವಾಯಿತು. ಇದೇ ಕಾಲಕ್ಕೆ ಚರ್ಚಿನ ಆದಾಯ ಮತ್ತು ಅಧಿಕಾರದ ವಿಷಯವಾಗಿ ಲೂಯಿಯು ಹನ್ನೊಂದನೆಯ ಇನ್ನೊಸೆಂಟ್ ಪೋಪರೊಡನೆಯೂ ಜಗಳವಾಡುತ್ತಿದ್ದನು. ಪೋಪರನ್ನು ಎದುರಿಸುವ ಅರಸನಿಗೆ ತಾನೇ ಅಪ್ಪಟ ಕ್ಯಾಥೊಲಿಕನೆಂದು ತೋರಿಸಿಕೊಳ್ಳುವ ಅಗತ್ಯ ಹೆಚ್ಚಾಗಿತ್ತು.

1685ರ ಅಕ್ಟೋಬರಿನಲ್ಲಿ ಹೊರಟ ಫಾಂಟನ್‌ಬ್ಲೂ ಶಾಸನವು, ಪ್ರಾಟೆಸ್ಟಂಟರಲ್ಲಿ ಬಹುಪಾಲು ಜನರು ಕ್ಯಾಥೊಲಿಕರಾಗಿರುವುದರಿಂದ ನಾಂತ್ ಶಾಸನಕ್ಕೆ ಇನ್ನು ಕೆಲಸವಿಲ್ಲವೆಂಬ ಕಾರಣ ಮುಂದಿಟ್ಟು ಅದನ್ನು ರದ್ದುಪಡಿಸಿತು. ಮತ ಬಿಡದ ಪಾದ್ರಿಗಳು 15 ದಿನಗಳಲ್ಲಿ ನಾಡು ತೊರೆಯಬೇಕಿತ್ತು. ಸಾಮಾನ್ಯರು ಮಾತ್ರ ತೊರೆಯಕೂಡದಾಗಿತ್ತು, ಸಿಕ್ಕಿಬಿದ್ದ ಗಂಡಸರಿಗೆ ಯುದ್ಧನೌಕೆಗಳಲ್ಲಿ ಹುಟ್ಟು ಹಾಕುವ ಶಿಕ್ಷೆ ಕಾದಿತ್ತು. ಆದರೂ ಮುಂದಿನ ವರ್ಷಗಳಲ್ಲಿ ಸುಮಾರು ಒಂದೂವರೆಯಿಂದ ಎರಡು ಲಕ್ಷ ಜನರು ಗಡಿ ದಾಟಿದರು. ಡಚ್ ನಗರಗಳು, ಲಂಡನ್ನಿನ ರೇಷ್ಮೆ ನೇಯ್ಗೆಯ ಸ್ಪಿಟಲ್‌ಫೀಲ್ಡ್ಸ್, ಆಫ್ರಿಕದ ದಕ್ಷಿಣ ತುದಿಯ ಕೇಪ್ ವಸಾಹತು ಅವರಿಗೆ ನೆಲೆಯಾದವು. ಬ್ರಾಂಡೆನ್‌ಬರ್ಗಿನ ಫ್ರೆಡರಿಕ್ ವಿಲಿಯಂ ಕೆಲವೇ ವಾರಗಳಲ್ಲಿ ಪಾಟ್ಸ್‌ಡ್ಯಾಮ್ ಶಾಸನ ಹೊರಡಿಸಿ ಅವರನ್ನು ಕರೆದುಕೊಂಡನು. ಉಳಿದವರು ಫ್ರಾನ್ಸಿನ ಸೆವೆನ್ ಎಂಬ ಬೆಟ್ಟಸಾಲಿನಂಥ ಕಡೆ ಗುಟ್ಟಾಗಿ ಪ್ರಾರ್ಥಿಸಿದರು. 1702ರಲ್ಲಿ ಅಲ್ಲಿ ದಂಗೆಯೇ ಎದ್ದಿತು. ನಂಬಿಕೆಯನ್ನು ಸಿಪಾಯಿಯ ಬಲದಿಂದ ಬದಲಿಸಬಹುದೆಂಬ ಎಣಿಕೆಯು ಸುಳ್ಳಾಯಿತು.

ಈ ಎರಡು ಶಾಸನಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಒಂದು ಅಂಶ ಎದ್ದು ಕಾಣುತ್ತದೆ. 1598ರ ಶಾಸನವು ತನ್ನನ್ನು ‘ಶಾಶ್ವತ, ಹಿಂತೆಗೆಯಲಾಗದ್ದು’ ಎಂದು ಕರೆದುಕೊಂಡಿತ್ತು. ಅದನ್ನು ಹಿಂತೆಗೆದ 1685ರ ಶಾಸನವೂ ಅದೇ ಪದಗಳಿಂದ ತನ್ನನ್ನು ವರ್ಣಿಸಿಕೊಂಡಿತು. ಅದೂ ಶಾಶ್ವತವಾಗಲಿಲ್ಲ. 1787ರಲ್ಲಿ ಹದಿನಾರನೆಯ ಲೂಯಿ ಪ್ರಾಟೆಸ್ಟಂಟರ ಹುಟ್ಟು, ಮದುವೆ, ಸಾವುಗಳನ್ನು ಕಾನೂನಿನ ದಾಖಲೆಗೆ ಸೇರಿಸಿದನು. ಅದೂ ಅರಸನ ಕೃಪೆಯಾಗಿಯೇ ಬಂದಿತ್ತು. ಎರಡು ವರ್ಷಗಳ ನಂತರ ಮಾನವ ಹಕ್ಕುಗಳ ಘೋಷಣೆಯ ಹತ್ತನೆಯ ವಿಧಿಯು, ಸಾರ್ವಜನಿಕ ಶಿಸ್ತಿಗೆ ಭಂಗ ತರದಿರುವವರೆಗೆ ಯಾರನ್ನೂ ಅವರ ಅಭಿಪ್ರಾಯಕ್ಕಾಗಿ, ಅದು ಧಾರ್ಮಿಕವಾಗಿದ್ದರೂ, ಪೀಡಿಸಕೂಡದೆಂದು ಸಾರಿದಾಗ ಮೊದಲ ಬಾರಿಗೆ ಆ ಮಾತು ಸಿಂಹಾಸನದ ಕಡೆಯಿಂದ ಬಾರದೆ ನಾಗರಿಕರ ಸಭೆಯಿಂದ ಬಂದಿತು. ಕೊಟ್ಟ ಕೈಯೇ ಕಸಿದುಕೊಳ್ಳಬಹುದಾದದ್ದು ಕೃಪೆ. ಯಾರ ಕೈಯಿಂದಲೂ ಬಾರದೆ ಮನುಷ್ಯನೊಂದಿಗೇ ಹುಟ್ಟಿ ಬಂದದ್ದೆಂದು ಸಮಾಜವು ಒಪ್ಪಿಕೊಂಡದ್ದು ಹಕ್ಕು. ಇವೆರಡರ ನಡುವಣ ದೂರವನ್ನು ಫ್ರಾನ್ಸಿನ ಪ್ರಾಟೆಸ್ಟಂಟರು ತಮ್ಮ ಮನೆ, ನಾಡು, ಪ್ರಾಣಗಳನ್ನು ತೆತ್ತು ಅಳೆದರು.