ಎಂಜಿನ್ ಓಡುವಾಗ ಬ್ಯಾಟರಿ ವೈರ್ ತೆಗೆದು ಆಲ್ಟರ್ನೇಟರ್ ಪರೀಕ್ಷಿಸಬಹುದೇ?

"ಹಳೆ ಕಾರಿನ ಬ್ಯಾಟರಿ ಪದೇ ಪದೇ ಇಳಿಯುತ್ತಿದೆಯೇ? ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ತೆಗೆಯಿರಿ. ಬಂದ್ ಆಗದಿದ್ದರೆ ಆಲ್ಟರ್ನೇಟರ್ ಸರಿಯಿದೆ." ಈ ಸಲಹೆ ಗ್ಯಾರೇಜ್‌ಗಳಲ್ಲೂ ವಾಟ್ಸ್‌ಆ್ಯಪ್‌ನಲ್ಲೂ ಓಡಾಡುತ್ತದೆ. ಮೋರಖಂಡಿಯಂಥ ಊರಿನವರು ರಿಪೇರಿಗೆ ಬಸವಕಲ್ಯಾಣಕ್ಕೋ ಹುಮನಾಬಾದ್‌ಗೋ ಹೋಗಬೇಕು. ಮನೆಯಲ್ಲೇ ಆಗುವ ಪರೀಕ್ಷೆ ಎಂದರೆ ಯಾರಿಗಾದರೂ ಇಷ್ಟವೇ. ಆದರೆ ಇದನ್ನು ಮಾಡಬೇಡಿ.

ಯಾಕೆ ಮಾಡಬಾರದು?

ಇದು ಡೈನಮೋ ಇದ್ದ ಹಳೆಯ ಅಂಬಾಸಡರ್‌ಗಳ ಕಾಲದ ರೂಢಿ. ಆಲ್ಟರ್ನೇಟರ್ ಇರುವ ಕಾರಿನಲ್ಲಿ ವೋಲ್ಟೇಜ್ ಏರಿಳಿತವನ್ನು ಬ್ಯಾಟರಿಯೇ ಹಿಡಿದಿಡುತ್ತದೆ. ಚಾರ್ಜ್ ಆಗುತ್ತಿರುವಾಗ ವೈರ್ ತೆಗೆದರೆ, ಕ್ಷಣಕಾಲ ವೋಲ್ಟೇಜ್ 14ರಿಂದ ಹಲವು ಪಟ್ಟು ಏರಬಹುದು. ಆಗ ಆಲ್ಟರ್ನೇಟರ್‌ನ ಡಯೋಡ್, ರೆಗ್ಯುಲೇಟರ್, ಎಂಜಿನ್ ಕಂಟ್ರೋಲ್ ಯೂನಿಟ್ ಸುಡಬಹುದು. ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್‌ಗೆ ಕಿಡಿ ತಗುಲಿದರೆ ಬ್ಯಾಟರಿ ಸ್ಫೋಟಿಸಲೂಬಹುದು.

ಫಲಿತಾಂಶವನ್ನೂ ನಂಬುವಂತಿಲ್ಲ. ಮೆಕ್ಯಾನಿಕಲ್ ಪಂಪ್ ಇರುವ ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಶುರುವಾದರೆ ಕರೆಂಟ್ ಇಲ್ಲದೆಯೂ ಓಡಬಲ್ಲದು. ಆಲ್ಟರ್ನೇಟರ್ ಪೂರ್ತಿ ಕೆಟ್ಟಿದ್ದರೂ ಅದು "ಪಾಸ್" ಆಗುತ್ತದೆ! ಅದೇ ಗಾಡಿಯ ಹೆಡ್‌ಲೈಟ್ ರಾತ್ರಿ ಹೆದ್ದಾರಿ 65ರಲ್ಲಿ ಮಂಕಾದರೆ ಏನು ಗತಿ?

ಹಾಗಾದರೆ ಏನು ಮಾಡಬೇಕು?

ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಅದನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಬ್ಯಾಟರಿಯ ಎರಡು ಟರ್ಮಿನಲ್‌ಗೆ ಹಿಡಿಯಿರಿ.

• ಬೆಳಿಗ್ಗೆ ಗಾಡಿ ಶುರು ಮಾಡುವ ಮುನ್ನ: ಸುಮಾರು 12.6 ಇದ್ದರೆ ಬ್ಯಾಟರಿ ತುಂಬಿದೆ. 12ಕ್ಕಿಂತ ಕಡಿಮೆಯಾದರೆ ಹೆಚ್ಚುಕಡಿಮೆ ಖಾಲಿ.
• ಎಂಜಿನ್ ಓಡುವಾಗ, ಹೆಡ್‌ಲೈಟ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು: 13.5ರಿಂದ 14.5ರ ಆಸುಪಾಸು ಇರಬೇಕು. ಏರದಿದ್ದರೆ ಬೆಲ್ಟ್, ವೈರ್, ಆಲ್ಟರ್ನೇಟರ್ ನೋಡಿಸಿ. 15 ದಾಟಿದರೆ ರೆಗ್ಯುಲೇಟರ್ ಮೇಲೆ ಅನುಮಾನ.
• ಎರಡೂ ಸರಿಯಿದ್ದು ಸೆಲ್ಫ್ ಮಾತ್ರ ನಿಧಾನವೇ? ಟರ್ಮಿನಲ್ ಮೇಲಿನ ಬಿಳಿ ಪುಡಿ, ಬಾಡಿಗೆ ಬಿಗಿದ ಅರ್ಥ್ ವೈರ್‌ನ ತುಕ್ಕು ನೋಡಿ. ಹಳೆ ಗಾಡಿಗಳಲ್ಲಿ ಇದು ತೀರಾ ಸಾಮಾನ್ಯ. ಎಷ್ಟೋ ಸಲ ಹೊಸ ಬ್ಯಾಟರಿಯೇ ಬೇಕಾಗುವುದಿಲ್ಲ.

ಟರ್ಮಿನಲ್ ಉಜ್ಜುವಾಗ ಎಂಜಿನ್ ಬಂದ್ ಇರಲಿ. ಮೊದಲು ಮೈನಸ್ ಬಿಚ್ಚಿ, ಕೊನೆಗೆ ಮೈನಸ್ ಜೋಡಿಸಿ. ಹೀಗೆ ಮಾಡಿದರೆ ಸ್ಪ್ಯಾನರ್ ಬಾಡಿಗೆ ತಗುಲಿದರೂ ಶಾರ್ಟ್ ಆಗುವುದಿಲ್ಲ.

ಕೊನೆಯ ಮಾತು: ಓಡುವ ಎಂಜಿನ್‌ನಲ್ಲಿ ಬ್ಯಾಟರಿ ವೈರ್ ತೆಗೆಯುವುದು ಪರೀಕ್ಷೆಯಲ್ಲ, ಸರಿಯಿದ್ದ ಆಲ್ಟರ್ನೇಟರನ್ನೂ ಕೆಡಿಸುವ ದಾರಿ. ಆ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಬದಲು ಈ ಮೂರು ಪರೀಕ್ಷೆಗಳನ್ನು ತಿಳಿಸಿ ಎಂಬುದು ನಮ್ಮ ಕೋರಿಕೆ.