ಹೈಬ್ರಿಡ್ ಕಾರುಗಳ ಹೆದ್ದಾರಿ ಇಂಧನ ದಕ್ಷತೆ

ಹೈಬ್ರಿಡ್ ಕಾರುಗಳ ಹೆದ್ದಾರಿ ಇಂಧನ ದಕ್ಷತೆ ಎಂದರೆ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರ್ ಎರಡನ್ನೂ ಹೊಂದಿರುವ ಕಾರು ಹೆದ್ದಾರಿಯ ವೇಗದಲ್ಲಿ ಸಾಗುವಾಗ ನಿರ್ದಿಷ್ಟ ಪ್ರಮಾಣದ ಇಂಧನಕ್ಕೆ ಕ್ರಮಿಸುವ ದೂರ. ಭಾರತದಲ್ಲಿ ಇದನ್ನು ಲೀಟರಿಗೆ ಕಿಲೋಮೀಟರ್ ಲೆಕ್ಕದಲ್ಲಿಯೂ, ಅಮೆರಿಕದಲ್ಲಿ ಗ್ಯಾಲನ್ನಿಗೆ ಮೈಲಿ ಲೆಕ್ಕದಲ್ಲಿಯೂ, ಯುರೋಪಿನಲ್ಲಿ 100 ಕಿಲೋಮೀಟರಿಗೆ ತಗಲುವ ಲೀಟರ್ ಲೆಕ್ಕದಲ್ಲಿಯೂ ಹೇಳಲಾಗುತ್ತದೆ. ಆಡುಮಾತಿನಲ್ಲಿ ಇದಕ್ಕೆ ಮೈಲೇಜ್ ಎಂಬ ಹೆಸರೇ ರೂಢಿಯಲ್ಲಿದೆ. ಪ್ರಯೋಗಾಲಯದ ಪರೀಕ್ಷೆಯಲ್ಲಿ ದೊರೆತು ಮಾರಾಟದ ಚೀಟಿಯ ಮೇಲೆ ಮುದ್ರಿತವಾಗುವ ಅಂಕಿಗೂ ದಿನವೂ ಕೆಲಸಕ್ಕೆ ಹೋಗಿಬರುವವರಿಗೆ ರಸ್ತೆಯಲ್ಲಿ ದೊರೆಯುವ ಅಂಕಿಗೂ ಇರುವ ಅಂತರವು ಹೈಬ್ರಿಡ್ ಕಾರುಗಳು ಮಾರುಕಟ್ಟೆಗೆ ಬಂದ ಕಾಲದಿಂದಲೂ ವಿವಾದಕ್ಕೆ ಕಾರಣವಾಗಿದೆ.

ನಗರ ಮತ್ತು ಹೆದ್ದಾರಿಯ ವ್ಯತ್ಯಾಸ

ಸಾಮಾನ್ಯ ಪೆಟ್ರೋಲ್ ಕಾರು ನಗರಕ್ಕಿಂತ ಹೆದ್ದಾರಿಯಲ್ಲಿ ಹೆಚ್ಚು ಮೈಲೇಜ್ ನೀಡುತ್ತದೆ. ನಗರದಲ್ಲಿ ಸಿಗ್ನಲ್ಲಿನ ಮುಂದೆ ನಿಂತಾಗ ಎಂಜಿನ್ ವ್ಯರ್ಥವಾಗಿ ತಿರುಗುವುದು, ಗಳಿಸಿದ ವೇಗವು ಪ್ರತಿ ಬಾರಿ ಬ್ರೇಕ್ ಒತ್ತಿದಾಗಲೂ ಶಾಖವಾಗಿ ನಷ್ಟವಾಗುವುದು ಹಾಗೂ ಎಂಜಿನ್ ತನ್ನ ಸಾಮರ್ಥ್ಯದ ಅಲ್ಪಾಂಶದಲ್ಲಿ ಮಾತ್ರ ದುಡಿಯುವುದು ಇದಕ್ಕೆ ಕಾರಣ. ಹೈಬ್ರಿಡ್ ವ್ಯವಸ್ಥೆ ಸರಿಪಡಿಸುವುದು ಮುಖ್ಯವಾಗಿ ಈ ನಷ್ಟಗಳನ್ನೇ. ಕಾರು ನಿಂತಾಗ ಎಂಜಿನ್ ಸ್ಥಗಿತಗೊಳ್ಳುತ್ತದೆ, ನಿಧಾನಗತಿಯಲ್ಲಿ ಮೋಟಾರೇ ಕಾರನ್ನು ಎಳೆಯುತ್ತದೆ, ಬ್ರೇಕ್ ಒತ್ತಿದಾಗ ಅದೇ ಮೋಟಾರ್ ಜನರೇಟರ್ ಆಗಿ ಬ್ಯಾಟರಿಗೆ ವಿದ್ಯುತ್ತನ್ನು ಮರಳಿಸುತ್ತದೆ.

ಒಂದೇ ವೇಗದಲ್ಲಿ ಸಾಗುವ ಹೆದ್ದಾರಿಯಲ್ಲಿ ಬ್ರೇಕ್ ಒತ್ತುವ ಸಂದರ್ಭಗಳು ವಿರಳ. ಆದುದರಿಂದ ಮರಳಿ ಪಡೆಯಬಹುದಾದ ಶಕ್ತಿಯೂ ಅಲ್ಪ. ಅಲ್ಲಿ ಬ್ಯಾಟರಿಗೆ ಸೇರುವ ವಿದ್ಯುತ್ ಬಹುಮಟ್ಟಿಗೆ ಎಂಜಿನ್ನಿನಿಂದಲೇ, ಅಂದರೆ ಟ್ಯಾಂಕಿನ ಪೆಟ್ರೋಲಿನಿಂದಲೇ ಬರುತ್ತದೆ. ಹೀಗಿದ್ದರೂ ಹೈಬ್ರಿಡ್ ಕಾರು ಹೆದ್ದಾರಿಯಲ್ಲಿ ಮಿತವ್ಯಯಿಯಾಗಿರಲು ಬೇರೆ ಕಾರಣಗಳಿವೆ: ಅಟ್ಕಿನ್ಸನ್ ಆವರ್ತದ ಎಂಜಿನ್, ಗಾಳಿಯನ್ನು ಸುಲಭವಾಗಿ ಸೀಳುವ ಹೊರಮೈ ಮತ್ತು ಕಡಿಮೆ ಪ್ರತಿರೋಧದ ಟೈರುಗಳು. ಟೊಯೊಟಾ ಕಂಪನಿಯು ನಾಲ್ಕನೆಯ ಪೀಳಿಗೆಯ ಪ್ರಿಯಸ್ ಕಾರಿನ ಎಂಜಿನ್ನಿಗೆ ಗರಿಷ್ಠ ಶೇ. 40ರಷ್ಟು ಉಷ್ಣ ದಕ್ಷತೆ ಇದೆಯೆಂದು ಪ್ರಕಟಿಸಿದೆ.

ಹೈಬ್ರಿಡ್ ಎಂದರೆ ನಗರದಲ್ಲಿ ಮಾತ್ರ ಲಾಭ ಎಂಬ ಸಾಮಾನ್ಯ ನಂಬಿಕೆ ಪೂರ್ಣವಾಗಿ ಸರಿಯಲ್ಲ. 1999ರ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಹೋಂಡಾ ಇನ್‌ಸೈಟ್ ಕಾರಿನ ಮೋಟಾರ್ ಎಂಜಿನ್ನಿಗೆ ನೆರವಾಗುತ್ತಿತ್ತೇ ಹೊರತು ತಾನೊಂದೇ ಕಾರನ್ನು ಓಡಿಸುತ್ತಿರಲಿಲ್ಲ. ಅಲ್ಯೂಮಿನಿಯಂ ದೇಹದ ಆ ಹಗುರ ಕಾರಿಗೆ ನಗರದಲ್ಲಿ ಗ್ಯಾಲನ್ನಿಗೆ 61 ಮೈಲಿ, ಹೆದ್ದಾರಿಯಲ್ಲಿ 70 ಮೈಲಿ ಎಂದು ಅಂದಿನ ಅಧಿಕೃತ ಅಂಕಿ ಇತ್ತು. ಇದು ಲೀಟರಿಗೆ ಕ್ರಮವಾಗಿ ಸುಮಾರು 26 ಮತ್ತು 30 ಕಿಲೋಮೀಟರಿಗೆ ಸಮ.

ವೇಗ ಮತ್ತು ಪ್ರತಿರೋಧ

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವ ಕಾರು ಎದುರಿಸುವ ಬಲಗಳು ಎರಡು. ಟೈರುಗಳ ಉರುಳು ಪ್ರತಿರೋಧವು ವೇಗದೊಂದಿಗೆ ಹೆಚ್ಚು ಬದಲಾಗುವುದಿಲ್ಲ. ಗಾಳಿಯ ಪ್ರತಿರೋಧವಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ.

ಮಾದರಿ ಲೆಕ್ಕವೊಂದನ್ನು ನೋಡಬಹುದು. 1,500 ಕಿಲೋಗ್ರಾಂ ತೂಗುವ, ಎಳೆತ ಗುಣಾಂಕ ಮತ್ತು ಮುಂಭಾಗದ ವಿಸ್ತೀರ್ಣಗಳ ಗುಣಲಬ್ಧ 0.55 ಚದರ ಮೀಟರ್ ಇರುವ, ಉರುಳು ಪ್ರತಿರೋಧದ ಗುಣಾಂಕ 0.009 ಇರುವ ಕಾರೊಂದನ್ನು ಕಲ್ಪಿಸಿಕೊಂಡರೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಒಟ್ಟು ಪ್ರತಿರೋಧ ಸುಮಾರು 295 ನ್ಯೂಟನ್, 100ರಲ್ಲಿ 387 ನ್ಯೂಟನ್, 120ರಲ್ಲಿ 499 ನ್ಯೂಟನ್ ಆಗುತ್ತದೆ. ಚಕ್ರಗಳಿಗೆ ಬೇಕಾಗುವ ಸಾಮರ್ಥ್ಯ ಕ್ರಮವಾಗಿ 6.6, 10.8 ಮತ್ತು 16.6 ಕಿಲೋವ್ಯಾಟ್. ಒಂದು ಲೀಟರ್ ಪೆಟ್ರೋಲಿನ 32 ಮೆಗಾಜೂಲ್ ಶಕ್ತಿಯಲ್ಲಿ ಮೂರನೆಯ ಒಂದು ಭಾಗ ಚಕ್ರಗಳನ್ನು ತಲುಪುತ್ತದೆ ಎಂದಿಟ್ಟುಕೊಂಡರೆ ಮೈಲೇಜ್ 80ರ ವೇಗದಲ್ಲಿ 36, 100ರಲ್ಲಿ 27 ರಿಂದ 28, 120ರಲ್ಲಿ 21 ಕಿಲೋಮೀಟರ್ ಎಂದು ಬರುತ್ತದೆ. ಏರು ರಸ್ತೆ, ಎದುರುಗಾಳಿ, ಹವಾನಿಯಂತ್ರಣ, ಸಂಚಾರ ದಟ್ಟಣೆ ಯಾವುದನ್ನೂ ಇಲ್ಲಿ ಸೇರಿಸಿಲ್ಲವಾದ್ದರಿಂದ ರಸ್ತೆಯಲ್ಲಿ ದೊರೆಯುವ ಅಂಕಿಗಳು ಇದಕ್ಕಿಂತ ಕೆಳಗಿರುತ್ತವೆ. ಗಮನಿಸಬೇಕಾದದ್ದು ಅವುಗಳ ಅನುಪಾತವನ್ನು: ಅದೇ ಕಾರು, ಅದೇ ಚಾಲಕ, ಅದೇ ರಸ್ತೆ, ವೇಗ ಮಾತ್ರ 80ರಿಂದ 120ಕ್ಕೆ ಏರಿದರೆ ಇಂಧನ ವೆಚ್ಚ ಶೇ. 70ರಷ್ಟು ಏರುತ್ತದೆ.

ಗಾಳಿಯ ಪಾತ್ರವೂ ಸಣ್ಣದಲ್ಲ. 100ರ ವೇಗದಲ್ಲಿ ಸಾಗುವ ಇದೇ ಕಾರಿಗೆ ಗಂಟೆಗೆ 20 ಕಿಲೋಮೀಟರಿನ ಎದುರುಗಾಳಿ ಬೀಸಿದರೆ ಬೇಕಾಗುವ ಶಕ್ತಿ ಶೇ. 29ರಷ್ಟು ಹೆಚ್ಚುತ್ತದೆ. ಅಷ್ಟೇ ವೇಗದ ಹಿಂಗಾಳಿಯಿಂದ ಆಗುವ ಉಳಿತಾಯ ಶೇ. 24ರಷ್ಟು. ಹೋಗಿಬರುವಾಗ ಗಾಳಿಯ ಪರಿಣಾಮ ಪೂರ್ತಿ ಸರಿದೂಗುತ್ತದೆ ಎಂಬ ಎಣಿಕೆ ಆದುದರಿಂದ ತಪ್ಪು. ಛಾವಣಿಯ ಮೇಲೆ ಸಾಮಾನಿನ ಪೆಟ್ಟಿಗೆ ಕಟ್ಟಿಕೊಂಡರೆ ಅಮೆರಿಕದ ಅಂತರರಾಜ್ಯ ಹೆದ್ದಾರಿಗಳ ವೇಗದಲ್ಲಿ ಮೈಲೇಜ್ ಶೇ. 10ರಿಂದ 25ರವರೆಗೆ ಕುಸಿಯಬಹುದೆಂದು ಆ ದೇಶದ ಇಂಧನ ಇಲಾಖೆ ತಿಳಿಸುತ್ತದೆ.

ಪ್ರಸರಣ ವ್ಯವಸ್ಥೆ

ಟೊಯೊಟಾ ವ್ಯವಸ್ಥೆಯಲ್ಲಿ ಎಂಜಿನ್ ಮತ್ತು ಎರಡು ಮೋಟಾರ್ ಜನರೇಟರುಗಳು ಪ್ಲಾನೆಟರಿ ಗಿಯರ್ ಜೋಡಣೆಯೊಂದರ ಮೂಲಕ ಕೂಡಿಕೊಂಡಿರುತ್ತವೆ. ಮೊದಲ ಮೂರು ಪೀಳಿಗೆಯ ಪ್ರಿಯಸ್ ಕಾರುಗಳಲ್ಲಿ ಹೊರವರ್ತುಲಕ್ಕೆ 78 ಹಲ್ಲುಗಳೂ ನಡುವಿನ ಗಿಯರಿಗೆ 30 ಹಲ್ಲುಗಳೂ ಇದ್ದುದರಿಂದ ಎಂಜಿನ್ನಿನ ತಿರುಚುಬಲದ ಸುಮಾರು ಶೇ. 72 ನೇರವಾಗಿ ಚಕ್ರಗಳತ್ತ ಸಾಗಿದರೆ ಉಳಿದ ಶೇ. 28 ಜನರೇಟರಿಗೆ ಹೋಗುತ್ತಿತ್ತು. ಜನರೇಟರಿನಿಂದ ವಿದ್ಯುತ್ತಾಗಿ, ಮೋಟಾರಿನಲ್ಲಿ ಮತ್ತೆ ಯಾಂತ್ರಿಕ ಶಕ್ತಿಯಾಗಿ ಬರುವ ಭಾಗವು ಎರಡು ಪರಿವರ್ತನೆಗಳಲ್ಲಿ ಸ್ವಲ್ಪ ಸ್ವಲ್ಪ ನಷ್ಟವಾಗುತ್ತದೆ. ಎರಡನೆಯ ಪೀಳಿಗೆಯ ಪ್ರಿಯಸ್ ಗಂಟೆಗೆ ಸುಮಾರು 67 ಕಿಲೋಮೀಟರ್ ದಾಟಿದ ಮೇಲೆ ಜನರೇಟರ್ ಮಿತಿಮೀರಿ ತಿರುಗದಂತೆ ಎಂಜಿನ್ನನ್ನು ತಿರುಗಿಸುತ್ತಲೇ ಇರಬೇಕಾಗಿತ್ತು.

2010ರ ಮಾದರಿಯಲ್ಲಿ ಟೊಯೊಟಾ ಎಂಜಿನ್ನಿನ ಗಾತ್ರವನ್ನು 1.5 ಲೀಟರಿನಿಂದ 1.8 ಲೀಟರಿಗೆ ಏರಿಸಿತು. ಇಂಧನ ಉಳಿಸಲು ಎಂಜಿನ್ನನ್ನು ದೊಡ್ಡದು ಮಾಡಿದ್ದು ವಿಚಿತ್ರವೆನಿಸಬಹುದು. ಆದರೆ ದೊಡ್ಡ ಎಂಜಿನ್ ಹೆದ್ದಾರಿಯಲ್ಲಿ ಅದೇ ಸಾಮರ್ಥ್ಯವನ್ನು ಕಡಿಮೆ ಸುತ್ತುಗಳಲ್ಲಿ ನೀಡಬಲ್ಲುದು; ಹೆದ್ದಾರಿಯ ಮೈಲೇಜ್ ಹೆಚ್ಚಿಸುವುದೇ ಈ ಬದಲಾವಣೆಯ ಉದ್ದೇಶವಾಗಿತ್ತು. ಹೋಂಡಾದ ಈಚಿನ ಎರಡು ಮೋಟಾರ್ ವ್ಯವಸ್ಥೆ ಬೇರೆಯ ದಾರಿ ಹಿಡಿದಿದೆ. ನಗರದಲ್ಲಿ ಎಂಜಿನ್ ವಿದ್ಯುತ್ ಉತ್ಪಾದಿಸಿದರೆ ಮೋಟಾರ್ ಕಾರನ್ನು ಓಡಿಸುತ್ತದೆ; ಹೆದ್ದಾರಿಯಲ್ಲಿ ಕ್ಲಚ್ ಒಂದು ಎಂಜಿನ್ನನ್ನು ನೇರವಾಗಿ ಚಕ್ರಗಳಿಗೆ ಜೋಡಿಸಿ ಪರಿವರ್ತನೆಯ ನಷ್ಟವನ್ನು ತಪ್ಪಿಸುತ್ತದೆ. ಬೆಲ್ಟಿನ ಮೂಲಕ ಸ್ಟಾರ್ಟರ್ ಜನರೇಟರನ್ನು ಜೋಡಿಸಿದ ಮೈಲ್ಡ್ ಹೈಬ್ರಿಡ್ ಕಾರುಗಳಿಂದ ಹೆದ್ದಾರಿಯಲ್ಲಿ ದೊರೆಯುವ ಲಾಭ ತೀರ ಕಡಿಮೆ.

ಬ್ಯಾಟರಿಯ ಗಾತ್ರ ಘಟ್ಟ ಪ್ರದೇಶದಲ್ಲಿ ಮುಖ್ಯವಾಗುತ್ತದೆ. ಎರಡನೆಯ ಮತ್ತು ಮೂರನೆಯ ಪೀಳಿಗೆಯ ಪ್ರಿಯಸ್ ಬ್ಯಾಟರಿಯ ಸಾಮರ್ಥ್ಯ ಸುಮಾರು 1.3 ಕಿಲೋವ್ಯಾಟ್ ಗಂಟೆ. ಅದರಲ್ಲಿಯೂ ಒಂದು ಭಾಗವನ್ನು ಮಾತ್ರ ಬಳಸಲಾಗುತ್ತದೆ. 1,500 ಕಿಲೋಗ್ರಾಂ ಕಾರು ಶಿರಾಡಿ ಅಥವಾ ಚಾರ್ಮಾಡಿಯಂತಹ ಘಟ್ಟದಲ್ಲಿ 700 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 2.9 ಕಿಲೋವ್ಯಾಟ್ ಗಂಟೆ. ಗಾಳಿಗೂ ಟೈರಿಗೂ ಅರ್ಧದಷ್ಟು ಹೋದರೂ ಉಳಿದದ್ದನ್ನು ಹಿಡಿದಿಡುವಷ್ಟು ಜಾಗ ಬ್ಯಾಟರಿಯಲ್ಲಿರುವುದಿಲ್ಲ. ಅದು ತುಂಬಿದ ಬಳಿಕ ಸಾಮಾನ್ಯ ಕಾರಿನಂತೆ ಎಂಜಿನ್ನಿನ ತಡೆಯಿಂದಲೇ ಇಳಿಯಬೇಕು.

ಪರೀಕ್ಷಾ ವಿಧಾನಗಳು

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮೂಲ ಹೆದ್ದಾರಿ ಪರೀಕ್ಷೆ 1970ರ ದಶಕದ್ದು. ಉರುಳೆಗಳ ಮೇಲೆ ನಡೆಯುವ ಈ ಪರೀಕ್ಷೆಯ ಉದ್ದ 10.26 ಮೈಲಿ, ಸರಾಸರಿ ವೇಗ ಗಂಟೆಗೆ 48.3 ಮೈಲಿ, ಗರಿಷ್ಠ ವೇಗ 60 ಮೈಲಿ. ಕಿಲೋಮೀಟರಿನಲ್ಲಿ ಹೇಳುವುದಾದರೆ ಸರಾಸರಿ 78, ಗರಿಷ್ಠ 97. ಫಲಿತಾಂಶ ವಾಸ್ತವಕ್ಕೆ ಹೊಂದುವುದಿಲ್ಲವೆಂದು 1985ರ ಮಾದರಿಗಳಿಂದ ಹೆದ್ದಾರಿಯ ಅಂಕಿಯನ್ನು ಶೇ. 22ರಷ್ಟು, ನಗರದ ಅಂಕಿಯನ್ನು ಶೇ. 10ರಷ್ಟು ಇಳಿಸಿ ಮುದ್ರಿಸಲಾಯಿತು. 2008ರ ಮಾದರಿಗಳಿಂದ ಐದು ಪರೀಕ್ಷೆಗಳ ಪದ್ಧತಿ ಜಾರಿಗೆ ಬಂದಿತು. ಗಂಟೆಗೆ 80 ಮೈಲಿವರೆಗಿನ ವೇಗದ ಪರೀಕ್ಷೆ, ಬಿಸಿಲಿನಲ್ಲಿ ಹವಾನಿಯಂತ್ರಣ ಚಾಲನೆಯಲ್ಲಿಟ್ಟು ನಡೆಸುವ ಪರೀಕ್ಷೆ ಮತ್ತು ಶೀತ ಪರೀಕ್ಷೆ ಹೊಸದಾಗಿ ಲೆಕ್ಕಕ್ಕೆ ಸೇರಿದವು.

ಈ ಬದಲಾವಣೆಯ ಪೆಟ್ಟು ಹೈಬ್ರಿಡ್ ಕಾರುಗಳಿಗೆ ಬಲವಾಗಿಯೇ ಬಿದ್ದಿತು. 2004ರ ಪ್ರಿಯಸ್ ಕಾರಿಗೆ ಮೊದಲು ನಗರದಲ್ಲಿ 60, ಹೆದ್ದಾರಿಯಲ್ಲಿ 51 ಮೈಲಿ ಎಂದಿದ್ದ ಅಂಕಿ ಹೊಸ ಲೆಕ್ಕದಲ್ಲಿ 48 ಮತ್ತು 45ಕ್ಕೆ ಇಳಿಯಿತು. 2006ರ ಹೋಂಡಾ ಸಿವಿಕ್ ಹೈಬ್ರಿಡ್ 49 ಮತ್ತು 51ರಿಂದ 40 ಮತ್ತು 45ಕ್ಕೆ ಬಂದಿತು. 2023ರ ಪ್ರಿಯಸ್ ಕಾರಿನ ಮಿತವ್ಯಯದ ಮಾದರಿಗೆ ಇದೇ ಕಟ್ಟುನಿಟ್ಟಿನ ಪದ್ಧತಿಯಲ್ಲಿ 57 ಮತ್ತು 56 ಮೈಲಿ, ಅಂದರೆ ಲೀಟರಿಗೆ ಸುಮಾರು 24 ಕಿಲೋಮೀಟರ್ ಎಂಬ ಅಂಕಿ ದೊರೆತಿದೆ.

ಭಾರತದಲ್ಲಿ ಬಳಕೆಯಲ್ಲಿರುವ ಪರಿಷ್ಕೃತ ಭಾರತೀಯ ಚಾಲನಾ ಆವರ್ತದ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್; ಆ ವೇಗದಲ್ಲಿ ಸಾಗುವ ಅವಧಿಯೂ ಅಲ್ಪ. ನಗರ ಮತ್ತು ಹೆದ್ದಾರಿಗೆ ಬೇರೆ ಬೇರೆ ಅಂಕಿಗಳನ್ನು ಗ್ರಾಹಕರಿಗೆ ನೀಡದಿರುವುದು ಈ ಪದ್ಧತಿಯ ದೊಡ್ಡ ಕೊರತೆ. ರಾಮನಗರ ಬಳಿಯ ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈರೈಡರ್ ಮತ್ತು ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾ ಕಾರುಗಳ ಪೂರ್ಣ ಹೈಬ್ರಿಡ್ ಮಾದರಿಗಳಿಗೆ ಲೀಟರಿಗೆ 27.97 ಕಿಲೋಮೀಟರ್ ಎಂಬ ಅಂಕಿ ಪ್ರಕಟವಾಗಿದೆ. ಗಂಟೆಗೆ 100 ಕಿಲೋಮೀಟರ್ ವೇಗದ ಪ್ರಯಾಣಕ್ಕೆ ಇದನ್ನು ಅನ್ವಯಿಸಲಾಗದು.

ಯುರೋಪಿನಲ್ಲಿ 2017ರಿಂದ ಗಂಟೆಗೆ 131 ಕಿಲೋಮೀಟರ್‌ವರೆಗೆ ಸಾಗುವ ಹೊಸ ಪರೀಕ್ಷಾ ಆವರ್ತ ಜಾರಿಯಾಯಿತು. ಕಾರಿನೊಳಗಿನ ಬಳಕೆ ಮಾಪಕಗಳಿಂದ ಸಂಗ್ರಹಿಸಿದ ಮಾಹಿತಿಯ ಮೇಲೆ ಯುರೋಪಿಯನ್ ಆಯೋಗ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ವಾಸ್ತವ ಹೊರಸೂಸುವಿಕೆ ಪರೀಕ್ಷೆಯ ಅಂಕಿಗಿಂತ ಸುಮಾರು ಶೇ. 20ರಷ್ಟು ಹೆಚ್ಚು. ಪ್ಲಗ್ ಇನ್ ಹೈಬ್ರಿಡ್ ಕಾರುಗಳಲ್ಲಿ ಅದು ಸರಾಸರಿ ಮೂರೂವರೆ ಪಟ್ಟು. ಇವನ್ನು ನಿರೀಕ್ಷೆಯಷ್ಟು ಚಾರ್ಜ್ ಮಾಡದೆ ಓಡಿಸುವುದು ಇದಕ್ಕೆ ಮುಖ್ಯ ಕಾರಣ.

ವಿವಾದಗಳು

2013ರ ಫೋರ್ಡ್ ಸಿ ಮ್ಯಾಕ್ಸ್ ಹೈಬ್ರಿಡ್ ಕಾರಿಗೆ ನಗರ, ಹೆದ್ದಾರಿ ಎರಡರಲ್ಲಿಯೂ ಗ್ಯಾಲನ್ನಿಗೆ 47 ಮೈಲಿ ಎಂದು ನಮೂದಿಸಲಾಗಿತ್ತು. ಆ ಕಾರನ್ನು ಪ್ರತ್ಯೇಕವಾಗಿ ಪರೀಕ್ಷಿಸದೆ, ಅದೇ ಎಂಜಿನ್ ಮತ್ತು ಅದೇ ತೂಕದ ವರ್ಗದ ಫ್ಯೂಷನ್ ಹೈಬ್ರಿಡ್ ಕಾರಿನ ಅಂಕಿಯನ್ನು ಬಳಸಲಾಗಿತ್ತು. ಅಂದಿನ ನಿಯಮಗಳು ಇದಕ್ಕೆ ಅವಕಾಶ ನೀಡುತ್ತಿದ್ದವು. ಆದರೆ ಎತ್ತರದ ದೇಹದ ಸಿ ಮ್ಯಾಕ್ಸ್ ಎದುರಿಸುವ ಗಾಳಿಯ ಪ್ರತಿರೋಧ ತಗ್ಗಾದ ಫ್ಯೂಷನ್ ಕಾರಿನದಕ್ಕಿಂತ ಹೆಚ್ಚು. 2013ರ ಆಗಸ್ಟಿನಲ್ಲಿ ಫೋರ್ಡ್ ಹೆದ್ದಾರಿಯ ಅಂಕಿಯನ್ನು 40ಕ್ಕೆ ಇಳಿಸಿ ಕಾರು ಕೊಂಡವರಿಗೆ 550 ಡಾಲರ್ ಪರಿಹಾರ ನೀಡಿತು. 2014ರಲ್ಲಿ ಅದು ಮತ್ತೆ 37ಕ್ಕೆ ಇಳಿಯಿತು. ಲೀಟರಿನ ಲೆಕ್ಕದಲ್ಲಿ 20 ಕಿಲೋಮೀಟರ್ 15.7 ಆದಂತಾಯಿತು.

ಸಿವಿಕ್ ಹೈಬ್ರಿಡ್ ವಿಷಯದಲ್ಲಿ ಮಾಲೀಕರೊಬ್ಬರು ಕ್ಯಾಲಿಫೋರ್ನಿಯಾದ ಸಣ್ಣ ವ್ಯಾಜ್ಯಗಳ ನ್ಯಾಯಾಲಯಕ್ಕೆ ಹೋಗಿ 2012ರಲ್ಲಿ 9,867 ಡಾಲರ್ ಪರಿಹಾರದ ತೀರ್ಪು ಪಡೆದರು. ಅದೇ ವರ್ಷ ಮೇಲ್ಮನವಿಯಲ್ಲಿ ಈ ತೀರ್ಪು ರದ್ದಾಯಿತು.

ದೈನಂದಿನ ಪ್ರಯಾಣದ ಲೆಕ್ಕ

ಕೆಲಸಕ್ಕೆ ದಿನಕ್ಕೆ 80 ಕಿಲೋಮೀಟರಿನಂತೆ ವರ್ಷಕ್ಕೆ 250 ದಿನ ಹೋಗಿಬರುವವರು ಕ್ರಮಿಸುವ ದೂರ 20,000 ಕಿಲೋಮೀಟರ್. ಈ ದಾರಿಯೆಲ್ಲ ವೇಗದ ಹೆದ್ದಾರಿಯಾಗಿದ್ದು ಹೈಬ್ರಿಡ್ ಕಾರು ಲೀಟರಿಗೆ 20, ಪೆಟ್ರೋಲ್ ಕಾರು 15 ಕಿಲೋಮೀಟರ್ ನೀಡಿದರೆ ವಾರ್ಷಿಕ ಉಳಿತಾಯ 333 ಲೀಟರ್. ಅಷ್ಟೇ ದೂರವನ್ನು ದಟ್ಟಣೆಯ ನಗರದಲ್ಲಿ ಕ್ರಮಿಸಿ ಕ್ರಮವಾಗಿ 24 ಮತ್ತು 12 ಕಿಲೋಮೀಟರ್ ದೊರೆತರೆ ಉಳಿತಾಯ 833 ಲೀಟರ್. ಹೈಬ್ರಿಡ್ ಕಾರಿಗೆ ಕೊಟ್ಟ ಹೆಚ್ಚಿನ ಬೆಲೆ ಎಷ್ಟು ವರ್ಷಗಳಲ್ಲಿ ಮರಳುತ್ತದೆ ಎಂಬುದು ಆದುದರಿಂದ ದೂರಕ್ಕಿಂತಲೂ ದಾರಿಯ ಸ್ವರೂಪವನ್ನು ಅವಲಂಬಿಸಿದೆ. ಮೇಲಿನ ಮಾದರಿ ಕಾರಿನಲ್ಲಿಯೇ 100ರ ಬದಲು 80ರ ವೇಗದಲ್ಲಿ ಸಾಗಿದರೆ 40 ಕಿಲೋಮೀಟರಿನ ಪ್ರತಿ ಪಯಣಕ್ಕೆ ಆರು ನಿಮಿಷ ಹೆಚ್ಚು ಹಿಡಿಯುತ್ತದೆ. ವರ್ಷಕ್ಕೆ ಸುಮಾರು 170 ಲೀಟರ್ ಉಳಿಯುತ್ತದೆ.

ಲೀಟರಿಗೆ ಕಿಲೋಮೀಟರ್ ಎಂಬ ಅಳತೆಯೇ ದಾರಿ ತಪ್ಪಿಸಬಲ್ಲುದು. 10ರಿಂದ 12ಕ್ಕೆ ಏರಿದ ಮೈಲೇಜ್ ಉಳಿಸುವ ಇಂಧನ, 20ರಿಂದ 28ಕ್ಕೆ ಏರಿದ ಮೈಲೇಜ್ ಉಳಿಸುವುದಕ್ಕಿಂತ ಹೆಚ್ಚು. ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸಾಲ್ 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಈ ಭ್ರಮೆಯನ್ನು ವಿವರಿಸಿದರು. ಅಮೆರಿಕದ ಈಗಿನ ಚೀಟಿಗಳಲ್ಲಿ 100 ಮೈಲಿಗೆ ತಗಲುವ ಇಂಧನವನ್ನೂ ನಮೂದಿಸಲಾಗುತ್ತದೆ.

ಚಳಿ ದೇಶಗಳಲ್ಲಿ ಅಲ್ಪದೂರದ ಪ್ರಯಾಣಿಕರು ಹೆಚ್ಚು ನಷ್ಟ ಅನುಭವಿಸುತ್ತಾರೆ. ಶೂನ್ಯಕ್ಕಿಂತ 7 ಡಿಗ್ರಿ ಸೆಲ್ಸಿಯಸ್ ಕೆಳಗಿನ ತಾಪಮಾನದಲ್ಲಿ ನಗರದ ಸಣ್ಣ ಪಯಣಗಳಲ್ಲಿ ಸಾಮಾನ್ಯ ಕಾರಿನ ಮೈಲೇಜ್ ಶೇ. 15ರಷ್ಟು ಇಳಿದರೆ ಹೈಬ್ರಿಡ್ ಕಾರಿನದು ಶೇ. 30ರಿಂದ 34ರಷ್ಟು ಇಳಿಯುತ್ತದೆಂದು ಅಮೆರಿಕದ ಅಧಿಕೃತ ಮಾಹಿತಿ ಹೇಳುತ್ತದೆ. ಭಾರತದಲ್ಲಿ ಎಥನಾಲ್ ಮಿಶ್ರಣ ಇನ್ನೊಂದು ಅಂಶ. ಎಥನಾಲಿನ ಶಕ್ತಿಸಾಂದ್ರತೆ ಪೆಟ್ರೋಲಿನ ಮೂರನೆಯ ಎರಡರಷ್ಟು ಮಾತ್ರವಾದ್ದರಿಂದ ಶೇ. 20 ಮಿಶ್ರಣದ ಒಂದು ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ. 7ರಷ್ಟು ಕಡಿಮೆ ಶಕ್ತಿ ಇರುತ್ತದೆ.

ಅಳೆಯುವ ಬಗೆ

ಟ್ಯಾಂಕನ್ನು ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ಪೂರ್ತಿ ತುಂಬಿಸಿದಾಗ ಹಿಡಿದ ಇಂಧನದಿಂದ ದೂರವನ್ನು ಭಾಗಿಸುವುದು ಬಳಕೆದಾರರ ಸಾಮಾನ್ಯ ವಿಧಾನ. ಕಾರಿನ ಪರದೆ ತೋರಿಸುವ ಸರಾಸರಿ ಅನೇಕ ವೇಳೆ ಇದಕ್ಕಿಂತ ಹೆಚ್ಚಾಗಿರುತ್ತದೆ. ಒಂದೇ ಬಾರಿಯ ಅಳತೆ ನಂಬಲರ್ಹವಲ್ಲ; ಪಂಪಿನ ನಳಿಕೆ ತಾನಾಗಿ ನಿಲ್ಲುವ ಮಟ್ಟ ಪ್ರತಿ ಬಾರಿಯೂ ಒಂದೇ ಆಗಿರುವುದಿಲ್ಲ. ಅಮೆರಿಕದಲ್ಲಿ ಮಾರಾಟವಾದ ಎರಡನೆಯ ಪೀಳಿಗೆಯ ಪ್ರಿಯಸ್ ಟ್ಯಾಂಕಿನೊಳಗೆ ಇಂಧನದ ಆವಿ ತಡೆಯುವ ಹಿಗ್ಗುವ ಚೀಲವೊಂದಿತ್ತು. ಚಳಿಯಲ್ಲಿ ಅದು ಬಿರುಸಾಗಿ ಕಡಿಮೆ ಇಂಧನ ಹಿಡಿಯುತ್ತಿದ್ದುದರಿಂದ ಆ ಕಾರಿನ ಮಾಲೀಕರು ಹಲವು ಟ್ಯಾಂಕುಗಳ ಸರಾಸರಿಯನ್ನೇ ನೆಚ್ಚಬೇಕಾಗಿತ್ತು.

ಒಂದೇ ದಿಕ್ಕಿನ ಅಳತೆಯೂ ಮೋಸಗೊಳಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿವೆ. 118 ಕಿಲೋಮೀಟರ್ ಉದ್ದದ ಬೆಂಗಳೂರು ಮೈಸೂರು ದಶಪಥ ಹೆದ್ದಾರಿಯಲ್ಲಿ 100ರ ವೇಗದಲ್ಲಿ ಸಾಗುವ ಮೇಲಿನ ಮಾದರಿ ಕಾರಿಗೆ ಈ 150 ಮೀಟರಿನ ಇಳಿತವೊಂದೇ ಹೋಗುವಾಗ ಶೇ. 5ರಷ್ಟು ಶಕ್ತಿಯನ್ನು ಪುಕ್ಕಟೆಯಾಗಿ ಒದಗಿಸುತ್ತದೆ. ಬರುವಾಗ ಅದನ್ನು ಟ್ಯಾಂಕಿನಿಂದ ತೆರಬೇಕು.